ಐದನೆಯ ಶಿಖರ ಮತ್ತು ಸದಾನಂದಣ್ಣನ ರಿಪೋರ್ಟು

ನಿಮಗೆ ಯಾವತ್ತಾದರೂ ಹೀಗೆ ಆಗಿದೆಯಾ? ಒಂದು ಊರಿನಲ್ಲಿ ಬೆವರು ಸುರಿಸಿ ಕಲಿತ ವಿದ್ಯೆಯನ್ನು ಇನ್ನೊಂದು ಊರಿನಲ್ಲಿ ಜಂಬದಿಂದ ತೋರಿಸಲು ಹೋಗಿ, ಅದೇ ವಿದ್ಯೆಯಿಂದ ಕಾಲಡಿಯ ನೆಲ ಕುಸಿದದ್ದು? ಮಾತಿಗೆ ಹೇಳುತ್ತಿಲ್ಲ. ನಮಗೆ ನಿಜವಾಗಿಯೇ ಕುಸಿಯಿತು. ಮೂರು ಸಾವಿರ ಮೀಟರ್ ಎತ್ತರದಲ್ಲಿ, ಸದಾನಂದಣ್ಣನ ಬಲಗಾಲಿನಿಂದ ಒಂದು ಗೇಣು ಆಚೆ.

ಈ ಕಥೆಯನ್ನು ನಮ್ಮ ಬಿಲ್ಡಿಂಗಿನವರಿಗೆ ಹೇಳಿ ಹೇಳಿ ಸಾಕಾಗಿದೆ. ಎಲ್ಲರೂ ಅರ್ಧ ಕೇಳಿ "ಫೋಟೋ ತೋರಿಸಿ" ಅನ್ನುತ್ತಾರೆ. ಹಾಗಾಗಿ ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ. ಪುರುಸೊತ್ತು ಇದ್ದವರು ಓದಿ.

ಅಬು ಹಲೀಫಾ

ಮೊದಲು ಮೂವರ ಪರಿಚಯ. ನಾನು ಶಶಿಕಲಾ, ನಲವತ್ತೊಂಬತ್ತು ವರ್ಷ, ಊರು ಕಾರ್ಕಳದ ಹತ್ತಿರ. ಕುವೈತಿನ ಶರ್ಕಿನಲ್ಲಿ ಒಂದು ಆಫೀಸಿನ ಡಾಕ್ಯುಮೆಂಟ್ ಕಂಟ್ರೋಲರ್, ಅಂದರೆ ಬರುವ ಹೋಗುವ ಪ್ರತಿ ಕಾಗದಕ್ಕೂ ನಂಬರು ಹಾಕಿ ಅದು ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವವಳು. ರಫೀಕ್ ಅಬು ಹಲೀಫಾದ ನಮ್ಮ ಬಿಲ್ಡಿಂಗಿನ ಕೆಳಗೆ ದಿನಸಿ ಅಂಗಡಿ ನಡೆಸುವವನು. ಬ್ಯಾರಿ, ಊರು ಉಳ್ಳಾಲ, ನಲವತ್ತು ದಾಟಿದೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ಸದಾನಂದಣ್ಣ ಕಾಪುವಿನವರು, ಐವತ್ತೊಂಬತ್ತು ವರ್ಷ. ಎಣ್ಣೆ ಬಾವಿಗಳ ಕಡೆ ಇಪ್ಪತ್ತಾರು ವರ್ಷ ಸೇಫ್ಟಿ ಆಫೀಸರ್ ಆಗಿದ್ದವರು. ಲಿಫ್ಟ್ ಹತ್ತುವಾಗಲೂ ಒಳಗೆ ಎಷ್ಟು ಜನ ಇದ್ದಾರೆಂದು ಎಣಿಸುತ್ತಾರೆ.

ಕುವೈತಿನ ಇಕಾಮಾ, ಅಂದರೆ ವಾಸದ ಪರವಾನಗಿ, ಕೈಯಲ್ಲಿದ್ದರೆ ಜಾರ್ಜಿಯಾ ದೇಶಕ್ಕೆ ವೀಸಾ ಬೇಡ. ಐದು ವರ್ಷದ ಹಿಂದೆ ನಾವು ಅಲ್ಲಿಗೆ ಸುಮ್ಮನೆ ಹಿಮ ನೋಡಲು ಹೋದವರು. ಉಳಿದವರೆಲ್ಲ ಹಿಮದ ಉಂಡೆ ಮಾಡಿ ಎಸೆದು ಹೋಟೆಲಿಗೆ ಓಡಿದರು. ನಾವು ಮೂವರು ಮಾತ್ರ ಮೇಲೆ ನೋಡುತ್ತ ನಿಂತೆವು. ಆಗ ಒಂದು ಹಟ ಹುಟ್ಟಿತು: ಐದು ಚಳಿಗಾಲ, ಐದು ಶಿಖರ, ಎಲ್ಲವೂ ಮೂರು ಸಾವಿರ ಮೀಟರಿಗಿಂತ ಎತ್ತರ. ನಿಯಮ ಒಂದೇ. ಮೂವರೂ ಒಟ್ಟಿಗೆ ತುದಿಯಲ್ಲಿ ನಿಂತರೆ ಮಾತ್ರ ಲೆಕ್ಕ. ಒಬ್ಬರು ಹತ್ತು ಹೆಜ್ಜೆ ಕೆಳಗೆ ಕೂತರೂ ಇಲ್ಲ.

ನಾಲ್ಕು ಆಗಿತ್ತು. ಐದನೆಯದಕ್ಕೆ ಹೊರಡುವ ಎರಡು ವಾರ ಮೊದಲು ಸದಾನಂದಣ್ಣ ರಫೀಕನ ಅಂಗಡಿಯಲ್ಲಿ ಲಬನ್, ಅಂದರೆ ಮಜ್ಜಿಗೆ, ಕುಡಿಯುತ್ತ ಹೇಳಿದರು: "ನನ್ನದು ಖಲಾಸ್ ಮಾರಾಯ್ರೆ. ತಿಂಗಳ ಕೊನೆಗೆ ಇಕಾಮಾ ಕ್ಯಾನ್ಸಲ್. ಊರಿಗೆ."

"ಎಂತದು? ಯಾವಾಗ ಗೊತ್ತಾಯ್ತು ನಿಮ್ಗೆ?" ಎಂದು ರಫೀಕ್.

"ಮೂರು ತಿಂಗಳಾಯ್ತು. ಹೇಳಿದ್ರೆ ನೀವು ಈ ಸಲ ಹೋಗುವುದು ಬೇಡ ಅಂತೀರಿ ಅಂತ ಹೇಳ್ಲಿಲ್ಲ."

"ಊರಿಂದಲೂ ಬರ್ಬಹುದಲ್ಲ ಸದಣ್ಣ?" ಎಂದೆ ನಾನು.

"ಅರವತ್ತಕ್ಕೆ ಕಾಪುವಿನಿಂದ ಹಿಮ ಹತ್ಲಿಕ್ಕೆ ಹೊರಟ್ರೆ ನನ್ನ ಹೆಂಡತಿ ಸೀದಾ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾಳೆ. ಕಾಲಿನ ಡಾಕ್ಟ್ರಲ್ಲ, ತಲೆಯ ಡಾಕ್ಟ್ರು."

ಹಾಗಾಗಿ ಐದನೆಯದು ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ನಾಲ್ಕೂವರೆ ಶಿಖರ ಎಂದು ಯಾರೂ ಹೇಳಿಕೊಂಡು ತಿರುಗುವುದಿಲ್ಲ.

ತಯಾರಿ ಎಲ್ಲಿ ಅಂತೀರಾ? ಗುಡ್ಡವೇ ಇಲ್ಲದ ದೇಶ. ಬಿಲ್ಡಿಂಗಿನ ಹದಿಮೂರು ಮಹಡಿಯ ಮೆಟ್ಟಿಲು, ಬೆನ್ನಿಗೆ ರಫೀಕನ ಅಂಗಡಿಯ ಅಕ್ಕಿ ಚೀಲ. ಶುಕ್ರವಾರಗಳಲ್ಲಿ ವಫ್ರಾ ಕಡೆ. ಅಲ್ಲಿ ತರಕಾರಿಯ ಹಸಿರುಮನೆಗಳು ಮುಗಿದ ಮೇಲೆ ಮರಳಿನ ದಿಬ್ಬಗಳಿವೆ. ಹಿಮದ ಮೇಲೆ ಕಾಲು ಹೂತುಹೋಗದಂತೆ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಅಗಲದ ಸ್ನೋಶೂಗಳನ್ನು ಹಾಕಿಕೊಂಡು ನಾನೂ ಸದಾನಂದಣ್ಣನೂ ಮರಳು ಹತ್ತಿದೆವು. ರಫೀಕ್ ಮಾತ್ರ ಸ್ಕೀಯವನು. ದುಬೈಯ ಮಾಲಿನೊಳಗಿನ ಹಿಮದಲ್ಲಿ ಕಲಿತು ಬಂದವನು, ಅದರ ಪೊಗರು ಬೇರೆ. ತೋಟದ ಕೆಲಸದ ಬಂಗಾಳಿಯೊಬ್ಬ ಸೈಕಲ್ ನಿಲ್ಲಿಸಿ ಕೇಳಿದ, "ಭಾಯಿ, ಯೇ ಕ್ಯಾ ಹೈ?"

"ಬರಫ್ ಕಾ ಚಪ್ಪಲ್," ಎಂದ ರಫೀಕ್.

ಆತ ಸುತ್ತ ನೋಡಿ, "ಬರಫ್ ಕಿಧರ್?" ಎಂದ. ಹಿಮ ಎಲ್ಲಿ ಎಂದು.

ಮರಳು ನಮಗೆ ಒಂದು ಪಾಠ ಕಲಿಸಿತು. ದಿಬ್ಬದ ಬದಿಯಲ್ಲಿ ಕಾಲು ಹೂತುಹೋಗುತ್ತದೆ. ನೆತ್ತಿಯ ಅಂಚಿನಲ್ಲಿ ಗಾಳಿ ಬಡಿದು ಬಡಿದು ಮರಳು ಗಟ್ಟಿ. ಅಂಚು ಹಿಡಿದು ನಡೆದರೆ ಸಲೀಸು. ಜಾರಿದರೂ ಆಚೆ ಬದಿಗೆ ಮಕ್ಕಳ ಹಾಗೆ ಉರುಳಿ ನಗಬಹುದು. ಸದಾನಂದಣ್ಣ ಅಂಚಿನ ಮೇಲೆ ಕೈ ಬೀಸಿಕೊಂಡು ಹೋಗುವುದನ್ನು ನೋಡಿದರೆ ಕಾಪುವಿನ ಕಡಲತೀರದಲ್ಲಿ ವಾಕಿಂಗ್ ಹೊರಟಂತಿತ್ತು.

ಏರ್‌ಪೋರ್ಟು

ಬ್ಯಾಗು ತಪಾಸಣೆಯ ಕುವೈತಿ ಹುಡುಗಿ ನನ್ನ ಸ್ನೋಶೂ ಎತ್ತಿ ಹಿಡಿದು ಆಚೆ ಈಚೆ ತಿರುಗಿಸಿದಳು. ಅಡಿಯಲ್ಲಿ ಕಬ್ಬಿಣದ ಹಲ್ಲು ಇದೆಯಲ್ಲ, ಅದನ್ನು ಬೆರಳಿನಲ್ಲಿ ಮುಟ್ಟಿ, "ಶಿನೂ ಹಾದಾ?" ಎಂದಳು. ಇದೇನು ಎಂದು.

ನಾನು ಬಾಯಿ ತೆರೆಯುವ ಮೊದಲೇ ರಫೀಕ್ ಇದ್ದಲ್ಲೇ ನಿಂತು ಹಿಮದಲ್ಲಿ ನಡೆಯುವ ನಟನೆ ಮಾಡಿದ. ಕಾಲೆತ್ತಿ, ಹೂತುಹೋಗಿ, ಮತ್ತೆ ಎದ್ದು, ನಡುಗಿ. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹುಡುಗಿ ನಕ್ಕು, "ಯಲ್ಲಾ, ಯಲ್ಲಾ," ಎಂದು ಕಳಿಸಿದಳು.

ನನ್ನ ಮಗಳಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು, "ಮಮ್ಮಿ, ಬಟ್ ವೈ?" ಎಂದಳು. ಐದು ವರ್ಷದಿಂದ ಅದೇ ಪ್ರಶ್ನೆ. ನನ್ನ ಗಂಡನಂತೂ ಕೇಳುವುದನ್ನೇ ಬಿಟ್ಟಿದ್ದಾರೆ. ಎಸಿ ಇಪ್ಪತ್ತಕ್ಕೆ ಇಳಿದರೆ ಸ್ವೆಟರ್ ಹುಡುಕುವ ಮನುಷ್ಯ.

ಮನಾನಾ ಮನೆ

ಗುದೌರಿ ಎಂಬ ಸ್ಕೀ ಊರು ದಾಟಿ, ಕಣಿವೆಗೆ ಇಳಿದರೆ ಒಂದು ಹಳ್ಳಿ. ಅಲ್ಲಿ ಮನಾನಾ ಎಂಬ ಅರವತ್ತರ ಹೆಂಗಸಿನ ಮನೆಯಲ್ಲಿ ನಮ್ಮ ವಾಸ. ಅವರ ಅಕ್ಕನ ಮಗ ಲೆವಾನ್ ನಮ್ಮ ಗೈಡು. ಮೂವತ್ತರ ಗಡ್ಡದ ಮನುಷ್ಯ, ಮಾತು ಕಡಿಮೆ. ಶಿಖರದ ಹೆಸರನ್ನು ಅವನು ಮೂರು ಸಲ ಹೇಳಿಕೊಟ್ಟ. ಗಂಟಲಿನ ಯಾವುದೋ ಮೂಲೆಯಿಂದ ಬರುವ ಅಕ್ಷರಗಳು. ನಮಗೆ ಬರಲಿಲ್ಲ. "ಐದನೆಯದು" ಎಂದೇ ಕರೆದೆವು.

ಆ ಜನರ ಒಂದು ಅಭ್ಯಾಸ ಹೇಳಬೇಕು. ಊಟದ ಮೇಜಿನಲ್ಲಿ ಯಾರೂ ಸುಮ್ಮನೆ ಕುಡಿಯುವುದಿಲ್ಲ. ಒಬ್ಬರು ಎದ್ದು ನಿಂತು ಭಾಷಣ ಮಾಡಬೇಕು. ಅತಿಥಿಗಳಿಗೆ, ತೀರಿಹೋದವರಿಗೆ, ಮಕ್ಕಳಿಗೆ, ಬೆಟ್ಟಕ್ಕೆ. ಭಾಷಣ ಮುಗಿಯುವ ತನಕ ಗ್ಲಾಸು ಮುಟ್ಟುವ ಹಾಗಿಲ್ಲ. ನಮ್ಮ ಕಡೆ ಮದುವೆಯಲ್ಲಿ ಮೈಕು ಸಿಕ್ಕಿದವರು ಬಿಡುವುದಿಲ್ಲವಲ್ಲ, ಇಲ್ಲಿ ಪ್ರತಿ ಊಟಕ್ಕೂ ಅದು. ಕುಡಿಯದ ರಫೀಕನಿಗೆ ಮನಾನಾ ಹಸಿರು ಬಣ್ಣದ ಸೋಡಾ ಕೊಟ್ಟರು. ಅವನು ಅದನ್ನೇ ಎತ್ತಿ ಹಿಡಿದು ಎಲ್ಲರಿಗಿಂತ ಉದ್ದದ ಭಾಷಣ ಬ್ಯಾರಿ ಭಾಷೆಯಲ್ಲಿ ಬಿಗಿದ. ಮನಾನಾ ಕಣ್ಣೊರೆಸಿಕೊಂಡರು. ಏನು ಹೇಳಿದೆ ಎಂದು ಆಮೇಲೆ ಕೇಳಿದರೆ, "ಎಂತ ಇಲ್ಲ ಅಕ್ಕ, ಅಂಗಡಿಯ ಸಾಮಾನಿನ ಲಿಸ್ಟು," ಎಂದ.

ಮಾಂಸ ಹಲಾಲ್ ಹೌದೋ ಅಲ್ಲವೋ ಎಂದು ಅವನಿಗೆ ಯೋಚನೆ ಇತ್ತು. ಮನಾನಾಗೆ ಹೇಗೋ ತಿಳಿಯಿತು. ಮೂರು ದಿನವೂ ಬೀನ್ಸ್ ಅರೆದು ಒಳಗೆ ತುಂಬಿದ ರೊಟ್ಟಿ ಮಾಡಿ ಹಾಕಿದರು. ಬೆಲ್ಲ ಮರೆತುಹೋದ ಹೋಳಿಗೆ ಎಂದುಕೊಳ್ಳಿ. ತಟ್ಟೆ ಖಾಲಿಯಾದರೆ ಕೇಳದೆ ಇನ್ನೊಂದು. ಸದಾನಂದಣ್ಣ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಇಟ್ಟರು.

ಶುಕ್ರವಾರ

ಬೆಳಗ್ಗೆ ಲೆವಾನ್ ಹೇಳಿದ್ದು ಒಂದೇ ಮಾತು. "ನಾನು ಕಾಲಿಟ್ಟಲ್ಲೇ ನೀವೂ ಕಾಲಿಡಿ."

ಆಕಾಶ ತೊಳೆದಂತಿತ್ತು. ಲೆವಾನ್ ಮುಂದೆ, ಸ್ಕೀಯ ಅಡಿಗೆ ಜಾರದ ಪಟ್ಟಿ ಅಂಟಿಸಿಕೊಂಡ ರಫೀಕ್ ಅವನ ಹಿಂದೆ, ಆಮೇಲೆ ಸದಾನಂದಣ್ಣ, ಕೊನೆಗೆ ನಾನು. ನಾಲ್ಕು ತಾಸು ಹತ್ತಿದ ಮೇಲೆ ಬೆಟ್ಟದ ಉದ್ದನೆಯ ಬೆನ್ನು ಸಿಕ್ಕಿತು. ಅದರ ಕೊನೆಯಲ್ಲಿ ತುದಿ ಕಾಣುತ್ತಿತ್ತು. ಹೆಚ್ಚೆಂದರೆ ಮುಕ್ಕಾಲು ತಾಸಿನ ದಾರಿ.

ಲೆವಾನನ ಹೆಜ್ಜೆಗಳು ಆ ಬೆನ್ನಿನ ನೆತ್ತಿಯ ಮೇಲಿರಲಿಲ್ಲ. ಎರಡು ಆಳಿನಷ್ಟು ಕೆಳಗೆ, ಮೆತ್ತನೆಯ ಹಿಮದಲ್ಲಿ ಅಡ್ಡಡ್ಡ ಹೋಗಿದ್ದವು. ನಮಗೆ ಮೊಣಕಾಲ ತನಕ ಹೂತುಹೋಗುತ್ತಿತ್ತು. ಸದಾನಂದಣ್ಣ ನಿಂತರು, ಮೇಲೆ ನೋಡಿದರು. ನೆತ್ತಿಯ ಅಂಚು ಗಾಳಿಗೆ ನಯವಾಗಿ, ಗಟ್ಟಿಯಾಗಿ, ಚೂಪಾಗಿ ಹೊಳೆಯುತ್ತಿತ್ತು. ವಫ್ರಾದ ದಿಬ್ಬವನ್ನು ಯಾರೋ ಬಿಳಿ ಬಣ್ಣ ಬಳಿದು ಇಲ್ಲಿ ತಂದಿಟ್ಟ ಹಾಗೆ.

"ಇವನು ಎಂತಕ್ಕೆ ಕೆಸರಲ್ಲಿ ಹೋಗ್ತಾನೆ?" ಎಂದರು. "ಮೇಲೆ ಸಿಮೆಂಟ್ ರೋಡಿನ ಹಾಗೆ ಉಂಟು."

ನಾನು ಏನು ಹೇಳಬೇಕಿತ್ತು? ಗೈಡನ್ನು ಕೇಳುವ ಎನ್ನಬೇಕಿತ್ತು. ನಾನು ಹೇಳಿದ್ದು, "ಹತ್ತಿ ಸದಣ್ಣ, ನಾನೂ ಬಂದೆ." ಇದನ್ನು ಬಚ್ಚಿಡುವುದಿಲ್ಲ.

ಇಬ್ಬರೂ ಅಂಚಿಗೆ ಹತ್ತಿದೆವು. ನಿಜಕ್ಕೂ ಗಟ್ಟಿ. ಕಬ್ಬಿಣದ ಹಲ್ಲು ಕರಕರ ಎಂದು ಕಚ್ಚುತ್ತಿತ್ತು. ಸದಾನಂದಣ್ಣ ಹಿಂದೆ ತಿರುಗಿ, "ನೋಡಿದೆಯಾ ಶಶಿ, ಮರಳಲ್ಲಿ ಕಲಿತದ್ದು..." ಎಂದರು. ಮಾತು ಮುಗಿಯಲಿಲ್ಲ. ದಪ್ಪ ಬಾಗಿಲು ಮುಚ್ಚಿದ ಹಾಗೆ ಒಂದು ಸದ್ದು. ಅವರ ಬಲಬದಿಯ ಹಿಮ, ಒಂದು ಬಸ್ಸಿನಷ್ಟು ಉದ್ದದ್ದು, ಇದ್ದಕ್ಕಿದ್ದಂತೆ ಇರಲಿಲ್ಲ. ಇದ್ದಲ್ಲಿ ಗಾಳಿ. ಅವರು ಈಚೆ ಬದಿಗೆ ಮಗುಚಿ ಬಿದ್ದರು. ಬಲಗಾಲು ಮಾತ್ರ ಆಚೆಗೆ ನೇತಾಡಿತು. ಅದರ ಸ್ನೋಶೂವಿನ ಪಟ್ಟಿ ಹರಿದು, ಆ ಸ್ನೋಶೂ ಹಿಮದ ಜೊತೆ ಕೆಳಗೆ ಹೋಯಿತು. ನೆಲಕ್ಕೆ ತಾಗಿದ ಸದ್ದು ಕೇಳಲು ಕಾದೆ. ಕೇಳಲಿಲ್ಲ.

ನಾನು ಹೊಟ್ಟೆಯ ಮೇಲೆ ತೆವಳಿ ಅವರ ಜಾಕೆಟ್ಟಿನ ಕಾಲರ್ ಹಿಡಿದೆ. ಅಷ್ಟರಲ್ಲಿ ಲೆವಾನ್ ಬಂದು ಇಬ್ಬರನ್ನೂ ಕೆಳಗಿನ ದಾರಿಗೆ ಎಳೆದುಕೊಂಡ. ಅವನ ಮುಖ ಕೆಂಪಗಾಗಿತ್ತು. ಕೋಲಿನಿಂದ ತೋರಿಸಿದ. ನಾವು ನಿಂತಿದ್ದ ಅಂಚಿನ ಕೆಳಗೆ ಬಂಡೆಯೇ ಇರಲಿಲ್ಲ. ಗಾಳಿ ಹಿಮವನ್ನು ಸೂರಿನ ಹಾಗೆ ಪ್ರಪಾತದ ಮೇಲೆ ಚಾಚಿ ಕಟ್ಟಿತ್ತು. ಮರಳಿಗೆ ಹಾಗೆ ಚಾಚಲು ಬರುವುದಿಲ್ಲ. ಹಿಮಕ್ಕೆ ಬರುತ್ತದೆ.

"ಮುಗೀತು. ಕೆಳಗೆ," ಎಂದ ಲೆವಾನ್. "ನಾಳೆಯೂ ಇಲ್ಲ. ಮಾತು ಕೇಳದವರನ್ನು ನಾನು ಕರೆದುಕೊಂಡು ಹೋಗುವುದಿಲ್ಲ."

ಭಾನುವಾರ ನಮ್ಮ ವಿಮಾನ. ಇಳಿಯುವ ದಾರಿಯುದ್ದಕ್ಕೂ ರಫೀಕ್ ಒಂದು ಮಾತಾಡಲಿಲ್ಲ. ಐದು ವರ್ಷದಲ್ಲಿ ಅದು ಮೊದಲ ಸಲ.

ರಿಪೋರ್ಟು

ನಾಲ್ಕು ಗಂಟೆಗೆ ಮನೆ ಸೇರಿದೆವು. ಮನಾನಾ ಸೂಪು ಇಟ್ಟರು. ಸದಾನಂದಣ್ಣ ಮುಟ್ಟಲಿಲ್ಲ.

"ನೀವಿಬ್ರು ನಾಳೆ ಬೇರೆ ಗೈಡನ್ನು ಹಿಡಿದು ಹೋಗಿ ಬನ್ನಿ," ಎಂದರು. "ನಾನು ಇಲ್ಲಿ ಕೂತ್ಕೊಳ್ತೇನೆ. ಲೆಕ್ಕಕ್ಕೆ ಸೇರಿಸಿ."

"ಯಾವ ಲೆಕ್ಕ?" ರಫೀಕನ ಬಾಯಿ ಕೊನೆಗೂ ತೆರೆಯಿತು. "ನಿಯಮ ಮಾಡಿದ್ದು ಯಾರು? ನೀವೇ. ಈಗ ನೀವೇ ಡಿಸ್ಕೌಂಟ್ ಕೇಳ್ತೀರಾ? ನನ್ನ ಅಂಗಡಿಯಲ್ಲೇ ಇಲ್ಲ ಅದು."

"ಇಪ್ಪತ್ತಾರು ವರ್ಷ ರಫೀಕೇ. ಇಪ್ಪತ್ತಾರು ವರ್ಷ ನಾನು ಜನರಿಗೆ ಹೇಳಿದ್ದು ಒಂದೇ. ಹಳದಿ ಗೆರೆ ದಾಟ್ಬೇಡಿ, ದಾಟ್ಬೇಡಿ. ಇವತ್ತು ನಾನು..." ಎಂದು ನಿಲ್ಲಿಸಿದರು.

ನನಗೆ ಸಿಟ್ಟು ಬಂತು. "ಸದಣ್ಣ, ನಿಮ್ಮ ಸೈಟಲ್ಲಿ ಯಾರಾದ್ರೂ ಗೆರೆ ದಾಟಿ, ಪುಣ್ಯಕ್ಕೆ ಎಂತ ಆಗದೆ ಉಳಿದ್ರೆ ನೀವು ಎಂತ ಮಾಡ್ತಿದ್ರಿ? ಮೂಲೆಯಲ್ಲಿ ಕೂತು ಅಳಿ ಅಂತಿದ್ರಾ?"

ಅವರು ತಲೆ ಎತ್ತಿದರು. "ಇಲ್ಲ. ರಿಪೋರ್ಟ್ ಬರೆಸ್ತಿದ್ದೆ."

"ಮತ್ತೆ?"

ಎಣ್ಣೆ ಬಾವಿಯ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಲ್ಲಿ ಅನಾಹುತ ಆಗದೆ ತಪ್ಪಿಹೋದರೂ ಅದಕ್ಕೊಂದು ರಿಪೋರ್ಟು ಬರೆಯಲೇಬೇಕು. ಏನಾಯಿತು, ಯಾಕಾಯಿತು, ತಪ್ಪು ಯಾರದು, ಮತ್ತೆ ಆಗದಂತೆ ಏನು ಮಾಡುತ್ತೀರಿ. ಸದಾನಂದಣ್ಣ ಮನಾನಾ ಹತ್ತಿರ ಕಾಗದ ಕೇಳಿದರು. ಮೊಮ್ಮಗಳ ಶಾಲೆಯ ಪುಸ್ತಕದ ಹಾಳೆ ಸಿಕ್ಕಿತು, ಅಂಚಿನಲ್ಲಿ ಮೊಲದ ಚಿತ್ರ ಇದ್ದದ್ದು. ಸ್ಕೇಲ್ ಇಲ್ಲದೆ ಗೆರೆ ಎಳೆದು, ಇಂಗ್ಲಿಷಿನಲ್ಲಿ, ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆದರು. ಘಟನೆ: ಗೈಡಿನ ಸೂಚನೆ ಮೀರಿ ಅಂಚಿನ ಮೇಲೆ ನಡೆದದ್ದು. ಕಾರಣ: ಮರಳಿನ ಅನುಭವವನ್ನು ಹಿಮದ ಮೇಲೆ ಹಾಕಿದ್ದು. ಹೊಣೆ: ಸದಾನಂದ. ನಷ್ಟ: ಒಂದು ಸ್ನೋಶೂ, ಬಲಗಾಲಿನದ್ದು.

ಹೊಣೆಯ ಸಾಲಿನಲ್ಲಿ ನಾನು ನನ್ನ ಹೆಸರನ್ನೂ ಸೇರಿಸಿದೆ. "ಹುರಿದುಂಬಿಸಿದವಳು" ಎಂದು. ಬಲಮೂಲೆಯಲ್ಲಿ ನಂಬರೂ ಹಾಕಿದೆ. ಕೈ ಕೇಳುವುದಿಲ್ಲ, ಅಭ್ಯಾಸ.

"ನಾನು ಎಂತ ಮಾಡಿದ್ದೇನೆ?" ಎಂದು ರಫೀಕ್.

"ನೀನು ಹಿಂದೆ ತಿರುಗಿ ನೋಡ್ಲಿಲ್ಲ," ಎಂದರು ಸದಾನಂದಣ್ಣ. ಅವನೂ ಸಹಿ ಹಾಕಿದ.

ಲೆವಾನ್ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಸದಾನಂದಣ್ಣ ಹೋಗಿ, ಎರಡೂ ಕೈಯಲ್ಲಿ ಹಾಳೆ ಕೊಟ್ಟು, ಅವನು ಓದುವ ತನಕ ಅಟೆನ್ಷನ್ನಿನಲ್ಲಿ ನಿಂತರು. ಮಗನ ವಯಸ್ಸಿನವನ ಎದುರು. ಲೆವಾನ್ ಒಂದು ಸಲ ಓದಿದ. ಎರಡನೆಯ ಸಲ ಓದಿದ. "ಮುಂದೆ ಏನು ಮಾಡುತ್ತೀರಿ" ಎನ್ನುವ ಜಾಗದ ಮೇಲೆ ಬೆರಳಿಟ್ಟ. ಅದು ಖಾಲಿ ಇತ್ತು.

"ಅದನ್ನು ನೀವು ಹೇಳ್ಬೇಕು ಸರ್," ಎಂದರು ಸದಾನಂದಣ್ಣ. "ನಾವು ಬರ್ಕೊಳ್ತೇವೆ."

ಲೆವಾನ್ ಗಡ್ಡ ಕೆರೆದ. ಹದಿನಾಲ್ಕು ವರ್ಷದಲ್ಲಿ ಯಾವ ಪ್ರವಾಸಿಯೂ ತನ್ನ ತಪ್ಪನ್ನು ಕಾಗದದಲ್ಲಿ ಬರೆದು ಕೊಟ್ಟದ್ದಿಲ್ಲ, ಎಲ್ಲರೂ ಬೆಟ್ಟದ್ದೇ ತಪ್ಪು ಎನ್ನುತ್ತಾರೆ ಎಂದ. ಆಮೇಲೆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. "ನಾಳೆ ಬೆಳಗ್ಗೆ ಐದೂವರೆಗೆ. ಆದರೆ ಸ್ನೋಶೂ ಒಂದೇ ಇದೆಯಲ್ಲ?"

ಅದಕ್ಕೆ ಉತ್ತರ ಮನಾನಾ ಅವರಲ್ಲಿತ್ತು. ಅಟ್ಟದಿಂದ ಹಳೆಯ ಕಾಲದ ಸ್ನೋಶೂ ಒಂದನ್ನು ಇಳಿಸಿಕೊಂಡು ಬಂದರು. ಬಳ್ಳಿಯಂಥ ಕಡ್ಡಿಯನ್ನು ಬಗ್ಗಿಸಿ ಬಳೆ ಮಾಡಿ, ನಡುವೆ ಹಗ್ಗ ಹೆಣೆದದ್ದು. ಅವರ ಮಾವ ಹಾಕಿಕೊಳ್ಳುತ್ತಿದ್ದದ್ದಂತೆ, ದನಗಳಿಗೆ ಹುಲ್ಲು ತರಲು. ನಮ್ಮ ಅಕ್ಕಿ ಕೇರುವ ಗೆರಸೆಯ ತಮ್ಮನ ಹಾಗಿತ್ತು.

"ಸದಣ್ಣ," ಎಂದ ರಫೀಕ್, "ಎಡಗಾಲು ಚೈನಾ, ಬಲಗಾಲು ಅಜ್ಜನ ಕಾಲದ್ದು. ಎರಡು ಕಂಪನಿ, ಒಂದೇ ಡ್ಯೂಟಿ."

ಶನಿವಾರ

ಹೊರಡುವ ಮೊದಲು ಸದಾನಂದಣ್ಣ ಲೆವಾನನಿಂದ ಎಲ್ಲವನ್ನೂ ಹೇಳಿಸಿದರು, ನಮ್ಮಿಂದ ಒಬ್ಬೊಬ್ಬರಾಗಿ ತಿರುಗಿ ಹೇಳಿಸಿದರು. ಸೈಟಿನಲ್ಲಿ ಬೆಳಗ್ಗೆ ಮಾಡಿಸುವ ಹಾಗೆ. ಅಂಚು ಎಲ್ಲಿ? ಮೇಲೆ. ನಾವು ಎಲ್ಲಿ? ಎರಡು ಆಳು ಕೆಳಗೆ. ಅನುಮಾನ ಬಂದರೆ? ನಿಲ್ಲು, ಕೇಳು. ರಫೀಕನಿಗೆ ನಗು ತಡೆಯಲಾಗಲಿಲ್ಲ, ಎರಡು ಸಲ ಹೇಳಬೇಕಾಯಿತು.

ನಿನ್ನೆಯ ಹೆಜ್ಜೆಗಳು ಗಟ್ಟಿಯಾಗಿದ್ದವು. ಬೇಗ ಹತ್ತಿದೆವು. ಹೇಳಿಕೊಳ್ಳುತ್ತೇನೆ, ಆ ಬೆಳಗ್ಗೆ ನಾನು ಚೆನ್ನಾಗಿ ನಡೆದೆ. ಹದಿಮೂರು ಮಹಡಿ ಹೊತ್ತ ಅಕ್ಕಿ ಚೀಲ ಸುಮ್ಮನೆ ಹೋಗಲಿಲ್ಲ. ಅಜ್ಜನ ಗೆರಸೆಯೂ ಮೋಸ ಮಾಡಲಿಲ್ಲ. ಚೈನಾದ್ದಕ್ಕಿಂತ ಕಡಿಮೆ ಹೂತುಹೋಗುತ್ತಿತ್ತು. ಅಂಚು ಮುರಿದ ಜಾಗವನ್ನು ಕೆಳಗಿನಿಂದ ದಾಟಿದೆವು. ನೀಲಿ ಬಣ್ಣದ ಗಾಯದ ಹಾಗೆ ಕಾಣುತ್ತಿತ್ತು.

ಹನ್ನೊಂದಕ್ಕೆ ಮೊದಲೇ ಲೆವಾನ್ ತುದಿಯಲ್ಲಿ ನಿಂತು ಕೈ ಮಾಡಿದ. ಅಲ್ಲಿ ಅಂಚಿಲ್ಲ, ಬಂಡೆ. ಭದ್ರ. ರಫೀಕ್ ಸ್ಕೀ ಬಿಚ್ಚಿ ಎರಡು ಹೆಜ್ಜೆ ಕೆಳಗೆ ಕಾದ. ನಾನೂ ಅವನ ಪಕ್ಕ ನಿಂತೆ. ನಿಯಮದಂತೆ ಒಟ್ಟಿಗೆ ಹತ್ತಬೇಕಲ್ಲ. ತಿರುಗಿ ನೋಡಿದರೆ ಸದಾನಂದಣ್ಣ ಹತ್ತು ಹೆಜ್ಜೆ ಕೆಳಗೆ ನಿಂತಿದ್ದಾರೆ.

"ಮೊಣಕಾಲಾ ಸದಣ್ಣ?" ಎಂದು ಕೂಗಿದೆ.

"ಅಲ್ಲ."

"ಉಸಿರಾ?"

"ಎಂತದೂ ಅಲ್ಲ ಮಾರಾಯ್ತಿ. ಒಂದ್ನಿಮಿಷ."

ಒಂದು ನಿಮಿಷ ಐದಾಯಿತು. ನಾನು ಇಳಿದು ಅವರ ಹತ್ತಿರ ಹೋದೆ. ಅವರು ತುದಿಯನ್ನೂ ನೋಡುತ್ತಿರಲಿಲ್ಲ, ಕಣಿವೆಯನ್ನೂ ನೋಡುತ್ತಿರಲಿಲ್ಲ. ತಮ್ಮ ಕಾಲನ್ನು ನೋಡುತ್ತಿದ್ದರು.

"ಇದನ್ನು ಮುಟ್ಟಿದ್ರೆ ಮುಗೀತಲ್ಲ ಶಶಿ," ಎಂದರು. "ಇದು ಬಾಕಿ ಇತ್ತು ಅಂತ ಮೂರು ತಿಂಗಳಿಂದ ಬೇರೆ ಎಂತದೂ ತಲೆಗೆ ಹಾಕ್ಕೊಳ್ಲಿಲ್ಲ. ಕೆಲಸ ಮುಗೀತು, ರೂಮು ಖಾಲಿ ಮಾಡ್ಬೇಕು, ಯಾವುದೂ. ಈ ಹತ್ತು ಹೆಜ್ಜೆ ಆದ್ರೆ ಮತ್ತೆ ಅದೇ ಉಳೀತದೆ."

ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಬರುವವರಿಗೆ ಇಲ್ಲಿ ಒಳ್ಳೆಯ ಮಾತು ಸಿಗುತ್ತಿತ್ತು. ನಾನು ಹೇಳಿದೆ: "ಹತ್ತದಿದ್ರೂ ಅದೇ ಉಳೀತದೆ ಸದಣ್ಣ. ಇದೂ ಉಳೀತದೆ, ಅದೂ ಉಳೀತದೆ. ಎರಡೆರಡು ಬಾಕಿ ಎಂತಕ್ಕೆ?"

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ನಿನ್ನ ಬಾಯಿ ಶಶಿ," ಎಂದರು ಅಷ್ಟೇ. ಆಮೇಲೆ ಮೇಲಿನಿಂದ ರಫೀಕ್ ಕೂಗಿದ. "ಯಲ್ಲಾ ಸದಣ್ಣ! ಇಲ್ಲಿ ನಿಂತು ನಿಂತು ನಾನು ಐಸ್‌ಕ್ರೀಮ್ ಆದೆ!"

ಸದಾನಂದಣ್ಣ ಎಡಗಾಲು ಎತ್ತಿಟ್ಟರು. ಆಮೇಲೆ ಗೆರಸೆಯ ಕಾಲು. ನಾನು ಅವರ ಹಿಂದೆ, ಅವರು ಕಾಲಿಟ್ಟಲ್ಲೇ ಕಾಲಿಟ್ಟು. ಕೊನೆಯ ಎರಡು ಹೆಜ್ಜೆಯನ್ನು ಮೂವರೂ ತೋಳಿಗೆ ತೋಳು ಕೊಟ್ಟು ಒಟ್ಟಿಗೆ ಹತ್ತಿದೆವು. ಐದು.

ಫೋಟೋ ತೆಗೆದದ್ದು ಲೆವಾನ್. ಅದರಲ್ಲಿ ರಫೀಕ್ ಬಾಯಿ ತೆರೆದಿದ್ದಾನೆ, ನಾನು ಕಣ್ಣು ಮುಚ್ಚಿದ್ದೇನೆ. ಸದಾನಂದಣ್ಣ ಕ್ಯಾಮರಾ ನೋಡುತ್ತಿಲ್ಲ. ಬೆರಳು ಮಾಡಿ ಜನ ಎಣಿಸುತ್ತಿದ್ದಾರೆ. ಎಣಿಸಿ ಮುಗಿಸಿ, ಎಲ್ಲರೂ ಇದ್ದಾರೆ ಎಂದು ಖಾತ್ರಿಯಾದ ಮೇಲೆ, ಮೊದಲು ಇಳಿಯಲು ಹೊರಟವರು ಅವರೇ.

ಈಗ ಅವರು ಕಾಪುವಿನಲ್ಲಿದ್ದಾರೆ. ಇದನ್ನು ಓದುತ್ತಾರೆ, ತಪ್ಪಿದ್ದರೆ ಕೆಳಗೆ ತಿದ್ದುತ್ತಾರೆ, ತಿದ್ದಲಿ. ನೀವು ಹೇಳಿ. ಬೇಕು ಬೇಕು ಎಂದು ವರ್ಷಗಟ್ಟಲೆ ಹಿಂದೆ ಬಿದ್ದದ್ದು ಕೈಗೆ ಸಿಗುವ ಹೊತ್ತಿಗೆ ನೀವೂ ಹತ್ತು ಹೆಜ್ಜೆ ಕೆಳಗೆ ನಿಂತದ್ದುಂಟಾ? ಯಾರು ಎಳೆದುಕೊಂಡು ಹೋದರು, ಅಥವಾ ಅಲ್ಲಿಂದಲೇ ತಿರುಗಿ ಬಂದಿರಾ? ಕಾಮೆಂಟಿನಲ್ಲಿ ಬರೆಯಿರಿ. ಬರೇ ಹೂವಿನ ಚಿತ್ರ ಹಾಕಿ ಹೋಗಬೇಡಿ. ಪೂರ್ತಿ ಬರೆಯಿರಿ, ನಾನು ಒಂದೊಂದನ್ನೂ ಓದುತ್ತೇನೆ.